ತೀನ್ ಮೂರ್ತಿಯ ಮುಂದೆ ತಾತ ಮೊಮ್ಮಕ್ಕಳು

ಊರಿನಿಂದ ನೆಂಟರು ಬಂದರೆ ನಾವು ದಿಲ್ಲಿಯ ಕನ್ನಡಿಗರು ಕೆಂಪುಕೋಟೆ, ಕುತುಬ್ ಮಿನಾರುಗಳನ್ನು ತಪ್ಪದೆ ತೋರಿಸುತ್ತೇವೆ. ತೀನ್ ಮೂರ್ತಿಯನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತೇವೆ. ಅಲ್ಲಿ ನಿಂತಿರುವ ಮೂವರು ಕಂಚಿನ ಯೋಧರಲ್ಲಿ ಒಬ್ಬ ನಮ್ಮ ಮೈಸೂರಿನವನೆಂಬುದು ನನಗೂ ಮೊನ್ನೆ ಮೊನ್ನೆಯವರೆಗೆ ತಿಳಿದಿರಲಿಲ್ಲ.

ತಿಳಿಸಿದವರು ನಮ್ಮ ನೆರೆಮನೆಯ ನಿವೃತ್ತ ಸುಬೇದಾರರು. ಎಪ್ಪತ್ತೈದು ದಾಟಿದ ವಯಸ್ಸು, ಮಿತಭಾಷಿಗಳು. ಒಂದು ಭಾನುವಾರ ಮೊಮ್ಮಗ, ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೊರಟರು. ಜೊತೆಗೆ ನಾನೂ ಹೋದೆ.

"ಇವರು ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರು. ನನ್ನ ತಾತ ಮೈಸೂರು ಲ್ಯಾನ್ಸರ್ಸಿನಲ್ಲಿದ್ದರು" ಎಂದು ಅವರು ಆರಂಭಿಸಿದರು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ತುರ್ಕರ ವಶದಲ್ಲಿದ್ದ ಹೈಫಾ ನಗರ ಭಾರತೀಯ ಸವಾರರ ಕೈಸೇರಿತು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿದರು. ಜೋಧಪುರದವರು ಊರಿನೊಳಕ್ಕೆ ನುಗ್ಗಿದರು. ಈ ಸ್ಮಾರಕ ಎದ್ದದ್ದು 1922ರಲ್ಲಿ. 2018ರಲ್ಲಿ ಈ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು.

"ತಾತ ಗೆದ್ದ ಕಥೆ ಹೇಳುತ್ತಿರಲಿಲ್ಲ. ಬಂಡೆಗಳ ನಡುವೆ ಕಾಲು ಮುರಿದುಕೊಂಡ ತಮ್ಮ ಕುದುರೆಯ ಮಾತನ್ನೇ ಆಡುತ್ತಿದ್ದರು."

ಮೊಮ್ಮಗ ಥಟ್ಟನೆ ಕೇಳಿದ: "ತಾತ, ನೀವು ಎಷ್ಟು ಜನರನ್ನು ಕೊಂದಿರಿ?"

ಹಿರಿಯರು ಕಟ್ಟೆಯ ಮೇಲೆ ಕುಳಿತರು. "ನಾನು ಸೇತುವೆ ಕಟ್ಟುವವನು ಮಗು, ಮದರಾಸ್ ಸ್ಯಾಪರ್ಸಿನವನು. 1971ರ ಡಿಸೆಂಬರ್ 3ರಿಂದ 16ರವರೆಗೆ ಯುದ್ಧ. ಪೂರ್ವ ಬಂಗಾಳವೆಂದರೆ ಹೆಜ್ಜೆಗೊಂದು ನದಿ. ಸೇತುವೆಯಿಲ್ಲದೆ ಸೈನ್ಯ ಮುಂದೆ ಹೋಗುವಂತಿಲ್ಲ. ಒಂದು ಬೆಳಗಿನ ಜಾವ ನನ್ನ ಪಕ್ಕದಲ್ಲೇ ಹಗ್ಗ ಹಿಡಿದಿದ್ದ ಹಾಸನದ ಕಡೆಯ ಗೆಳೆಯ ಗುಂಡು ತಗುಲಿ ನೀರಿಗೆ ಬಿದ್ದ. ನಾನು ಹಗ್ಗ ಬಿಡುವ ಹಾಗಿರಲಿಲ್ಲ."

ರಜೆ ಸಿಕ್ಕಾಗ ಅವರು ಆ ಗೆಳೆಯನ ಊರಿಗೆ ಹೋದರಂತೆ. ಆ ತಾಯಿ ಅಳಲಿಲ್ಲ, ಕುಡಿಯಲು ಮಜ್ಜಿಗೆ ಕೊಟ್ಟು, ಒಂದೇ ಮಾತು ಕೇಳಿದಳು: "ಹಸಿದಿದ್ದನೇನಪ್ಪ? ಅವತ್ತು ಏನಾದರೂ ಉಂಡಿದ್ದನೇ?"

"ಉಂಡಿದ್ದ ತಾಯಿ ಅಂದೆ. ಉಂಡಿದ್ದನೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ."

ಮಕ್ಕಳು ಸುಮ್ಮನಾದರು. ನಮ್ಮನ್ನು ಕರೆದೊಯ್ಯಲು ಕಾರು ತಂದಿದ್ದ ಅವರ ಮಗ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಪ್ಪ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ" ಎಂದರು. "ನೀನು ಕೇಳಲಿಲ್ಲವಲ್ಲಪ್ಪ" ಎಂದು ಮುದುಕರು ನಕ್ಕರು.

ಹಿಂತಿರುಗುವಾಗ ಮೊಮ್ಮಗಳು ಕಾರಿನಲ್ಲಿ ತಾತನ ಕೈ ಬಿಡಲಿಲ್ಲ. ಮನೆಯಲ್ಲಿ ಹಿಂದಿಯನ್ನೇ ಹೆಚ್ಚಾಗಿ ಆಡುವ ಆ ಹುಡುಗಿ ತೊದಲುಗನ್ನಡದಲ್ಲಿ ಕೇಳಿದಳು: "ತಾತ, ಆ ಕುದುರೆ ಹೆಸರೇನು?"

ವಾಚಕರೇ, ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಹೊಲ, ಮನೆ, ದೇವಸ್ಥಾನಗಳನ್ನು ದಿನವೂ ತೋರಿಸಲಾರೆವು. ಆದರೆ ಮನೆಯ ಮೂಲೆಯಲ್ಲಿ ಹಿರಿಯರೊಬ್ಬರು ಕುಳಿತಿದ್ದರೆ, ಅವರನ್ನು ಕೇಳುವುದಕ್ಕೆ ಪ್ರಯಾಣದ ಖರ್ಚಿಲ್ಲ. ಅವರಿರುವಾಗಲೇ ಕೇಳೋಣ.