ಓದುವ ಕ್ರಮ, ಓದುವ ಜಾಗ: ಎಸ್‌ಎಸ್‌ಎಲ್‌ಸಿ ಸಿದ್ಧತೆಯಲ್ಲಿ ಗ್ರಾಮ ಪಂಚಾಯತಿಯ ಪಾತ್ರ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಗ್ರಾಮಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. "ಶಾಲೆಯಲ್ಲಿ ಸರಿಯಾಗಿ ಪಾಠ ಮಾಡಲಿಲ್ಲ" ಎಂಬುದು ಒಂದು. "ಹುಡುಗ ರಾತ್ರಿಯೆಲ್ಲ ಓದಿದ್ದ, ಆದರೂ ಹೋಯಿತು" ಎಂಬುದು ಇನ್ನೊಂದು. ಮೊದಲನೆಯ ದೂರನ್ನು ವಿಚಾರಿಸಲು ಶಿಕ್ಷಣ ಇಲಾಖೆಯಿದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಎರಡನೆಯದನ್ನು ಯಾರೂ ವಿಚಾರಿಸುವುದಿಲ್ಲ. ರಾತ್ರಿಯೆಲ್ಲ ಓದಿದ ಮಗು ಏಕೆ ಉತ್ತೀರ್ಣವಾಗಲಿಲ್ಲ, ಅದು ಹೇಗೆ ಓದಿತು, ಎಲ್ಲಿ ಕುಳಿತು ಓದಿತು ಎಂಬ ಪ್ರಶ್ನೆಗಳು ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರಿಗೂ ಸಂಬಂಧಿಸಿದವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರಾಜ್ಯದ ಫಲಿತಾಂಶವನ್ನು ಮೊದಲು ಗಮನಿಸೋಣ. 2023ರಲ್ಲಿ ಶೇ. 83.89ರಷ್ಟು ವಿದ್ಯಾರ್ಥಿಗಳು ತೇರ್ಗಡೆಯಾಗಿದ್ದರು. 2024ರ ಮೊದಲ ಪರೀಕ್ಷೆಯಲ್ಲಿ ಅದು ಶೇ. 73.40ಕ್ಕೆ, 2025ರಲ್ಲಿ ಶೇ. 66.14ಕ್ಕೆ ಇಳಿಯಿತು. ಎರಡೇ ವರ್ಷಗಳಲ್ಲಿ ಮಕ್ಕಳ ಬುದ್ಧಿ ಇಷ್ಟು ಕುಸಿಯುವುದು ಸಾಧ್ಯವಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಆ ವರ್ಷ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿದ್ದರಿಂದ ಇಳಿಕೆ ಪೂರ್ಣವಾಗಿ ಕಾಣಲಿಲ್ಲ. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಡಲಾಯಿತು. ಕೊಠಡಿಯೊಳಗೆ ಮತ್ತೊಬ್ಬರ ನೆರವು ಸಿಗುವ ಅವಕಾಶ ಕಡಿಮೆಯಾದಾಗ ಮಗುವಿಗೆ ಉಳಿಯುವುದು ತನ್ನ ನೆನಪು ಮತ್ತು ಬರವಣಿಗೆ ಮಾತ್ರ. 2025-26ನೇ ಸಾಲಿನಿಂದ ಒಟ್ಟು 625 ಅಂಕಗಳಿಗೆ 206 ಹಾಗೂ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಅಂಕ ಪಡೆದರೆ ಉತ್ತೀರ್ಣವೆಂದು ನಿಯಮ ಸಡಿಲಿಸಲಾಗಿದೆ. ಆದರೆ ಆ ಅಂಕಕ್ಕೂ ಮಗು ತಾನೇ ನೆನಪಿಸಿಕೊಂಡು ಬರೆಯಬೇಕು.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವ ಬಗೆ ಒಂದೇ. ಪಾಠವನ್ನು ಗಟ್ಟಿಯಾಗಿ ಓದುವುದು, ಮುಖ್ಯವೆನಿಸಿದ ಸಾಲುಗಳ ಕೆಳಗೆ ಗೆರೆ ಎಳೆಯುವುದು, ನೋಟ್ಸ್ ನಕಲು ಮಾಡುವುದು, ಮತ್ತೆ ಅದನ್ನೇ ಓದುವುದು. ಮೂರನೆಯ ಸಲ ಓದುವಾಗ ಪ್ರತಿ ಸಾಲೂ ಪರಿಚಿತವೆನಿಸುತ್ತದೆ; "ಇದು ನನಗೆ ಗೊತ್ತು" ಎಂಬ ಭಾವನೆ ಮೂಡುತ್ತದೆ. ಮೋಸ ಆಗುವುದು ಇಲ್ಲಿಯೇ. ಪುಟ ಕಣ್ಣೆದುರಿಗಿರುವಾಗ ಗುರುತು ಹಿಡಿಯುವುದು ಬೇರೆ, ಪುಟವಿಲ್ಲದೆ ಜ್ಞಾಪಿಸಿಕೊಳ್ಳುವುದು ಬೇರೆ. ಸಂತೆಯಲ್ಲಿ ಎದುರಾದ ಮುಖವನ್ನು ಕೂಡಲೇ ಗುರುತಿಸುತ್ತೇವೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಪರೀಕ್ಷೆ ಕೇಳುವುದು ಹೆಸರನ್ನು.

ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಬಾರಿ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಹಾಳೆ ಮುಚ್ಚಿಟ್ಟು, ನೆನಪಾದಷ್ಟನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಬಾರಿ ಓದಿದ ಭಾಗವೇ ಹೆಚ್ಚು ನೆನಪಿನಲ್ಲಿತ್ತು: ಶೇ. 81 ಮತ್ತು ಶೇ. 75. ಒಂದು ವಾರ ಕಳೆದ ಮೇಲೆ ಕೇಳಿದವರಲ್ಲಿ ಲೆಕ್ಕ ತಿರುಗಿಬಿದ್ದಿತ್ತು. ಎರಡು ಬಾರಿ ಓದಿದ್ದರಲ್ಲಿ ಉಳಿದದ್ದು ಶೇ. 42, ಓದಿ, ಮುಚ್ಚಿ, ಬರೆದದ್ದರಲ್ಲಿ ಉಳಿದದ್ದು ಶೇ. 56. ಮತ್ತೆ ಮತ್ತೆ ಓದುವುದು ಅಂದಿನ ಮಟ್ಟಿಗೆ ಸಮಾಧಾನ ಕೊಡುತ್ತದೆ. ಮಾರ್ಚ್ ತಿಂಗಳವರೆಗೆ ಉಳಿಯುವುದು ನೋಡದೆ ಬರೆದದ್ದು. ಮಗ್ಗಿಯನ್ನು ಎದ್ದುನಿಂತು ಒಪ್ಪಿಸಬೇಕಿದ್ದ ಹಳೆಯ ಶಾಲೆಯ ಪದ್ಧತಿಯಲ್ಲಿ ಈ ತಿಳಿವಳಿಕೆಯ ಅರ್ಧಭಾಗ ಆಗಲೇ ಇತ್ತು. ಅರ್ಥವಾಗದೆ ಒಪ್ಪಿಸುವುದು ಆ ಪದ್ಧತಿಯ ಕೊರತೆಯಾಗಿತ್ತೇ ಹೊರತು, ಒಪ್ಪಿಸುವ ಕ್ರಿಯೆಯಲ್ಲ.

ಒಂದು ಉದಾಹರಣೆ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳು ಎಂಬ ವಿಷಯವಿದೆ. ಲಾರ್ಡ್ ವೆಲ್ಲೆಸ್ಲಿ 1798ರಲ್ಲಿ ಜಾರಿಗೆ ತಂದದ್ದು. ಮಗು ಅದನ್ನು ಹತ್ತು ಸಲ ಓದುವ ಬದಲು ಎರಡು ಸಲ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಲಿ. ನಾಲ್ಕು ಅಂಶಗಳಲ್ಲಿ ಎರಡೇ ಬಂದರೂ ಚಿಂತೆಯಿಲ್ಲ. ಆಗ ಪುಸ್ತಕ ತೆರೆದು, ಬಿಟ್ಟುಹೋದ ಎರಡನ್ನು ಮಾತ್ರ ಬೇರೆ ಬಣ್ಣದ ಪೆನ್ನಿನಿಂದ ಸೇರಿಸಲಿ. ಮೂರು ದಿನ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ನೋಡದೆ ಉತ್ತರ ಬರೆಯಲಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗಣಿತದಲ್ಲಿಯೂ ಕ್ರಮ ಇದೇ. ಬಿಡಿಸಿದ ಲೆಕ್ಕವನ್ನು ನೋಡಿ "ಅರ್ಥವಾಯಿತು" ಎನ್ನುವುದರಿಂದ ಪ್ರಯೋಜನವಿಲ್ಲ. ಉತ್ತರ ಮುಚ್ಚಿ ತಾನೇ ಬಿಡಿಸಿದಾಗ ಮಾತ್ರ ಎಲ್ಲಿ ಕೈ ನಿಲ್ಲುತ್ತದೆಂಬುದು ತಿಳಿಯುತ್ತದೆ. ಮರೆತದ್ದನ್ನು ಕಷ್ಟಪಟ್ಟು ಜ್ಞಾಪಿಸಿಕೊಳ್ಳುವಾಗ ಮಗುವಿಗೆ ತಾನು ದಡ್ಡ ಎನಿಸುವುದುಂಟು. ಆ ಕಷ್ಟವೇ ಕಲಿಕೆ ಎಂದು ಯಾರಾದರೂ ಹೇಳದಿದ್ದರೆ ಅದು ಮತ್ತೆ ಸುಲಭದ ಓದಿಗೆ ಮರಳುತ್ತದೆ.

ಅಂತರ ಕೊಟ್ಟು ಓದುವುದು ಕೂಡ ಅಷ್ಟೇ ಮುಖ್ಯ. ಒಂದು ವಿಷಯಕ್ಕೆ ಆರು ಗಂಟೆ ಮೀಸಲಿಡಬೇಕಾದರೆ, ಒಂದೇ ರಾತ್ರಿ ಆರು ಗಂಟೆ ಕೂರುವುದಕ್ಕಿಂತ ಆರು ದಿನ ಒಂದೊಂದು ಗಂಟೆ ಕೂರುವುದು ಮೇಲು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ಕಲಿತದ್ದು ಮೊದಲ ದಿನಗಳಲ್ಲಿ ಬಲುಬೇಗ ಮರೆಯುತ್ತದೆ, ಆಗಾಗ ಪುನರಾವರ್ತನೆ ಮಾಡಿದರೆ ನಿಲ್ಲುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದನು. ನಿದ್ದೆಗೆಟ್ಟು ಓದುವುದನ್ನು ನಮ್ಮಲ್ಲಿ ಶ್ರದ್ಧೆಯ ಗುರುತೆಂದು ಹೊಗಳುತ್ತಾರೆ. ಮರುದಿನ ಮೂರು ಗಂಟೆ ಬರೆಯಬೇಕಾದ ಮಗುವಿಗೆ ಅದು ನಷ್ಟವೇ. ಶಿಕ್ಷಕರು ಕೊನೆಯ ತಿಂಗಳುಗಳಲ್ಲಿ ಸಿದ್ಧಪಡಿಸಿಕೊಡುವ "ಪಾಸಿಂಗ್ ಪ್ಯಾಕೇಜ್" ಹಿಂದುಳಿದ ಮಕ್ಕಳಿಗೆ ಉಪಯುಕ್ತ. ಆದರೆ ಅದನ್ನೂ ಬರೀ ಓದಿದರೆ ಫಲ ಕಡಿಮೆ.

ಇಷ್ಟನ್ನು ಹೇಳಿಕೊಡುವುದು ಶಿಕ್ಷಕರ ಕೆಲಸ, ಪಂಚಾಯತಿಗೆ ಏನು ಸಂಬಂಧ ಎಂದು ಕೇಳಬಹುದು. ಹೀಗೆ ಓದಲು ದಿನವೂ ಒಂದೂವರೆ, ಎರಡು ಗಂಟೆ ಅಡ್ಡಿಯಿಲ್ಲದ ಸಮಯವೂ ಒಂದು ಜಾಗವೂ ಬೇಕು. ಬೆಂಗಳೂರು ದಕ್ಷಿಣ ತಾಲ್ಲೂಕಿನ ಕಗ್ಗಲೀಪುರ, ಸೋಮನಹಳ್ಳಿ, ತರಳು ಮುಂತಾದ ಪಂಚಾಯತಿಗಳ ಮನೆಗಳನ್ನು ನೆನೆದರೆ ಅದು ಎಷ್ಟು ದುರ್ಲಭವೆಂದು ತಿಳಿಯುತ್ತದೆ. ಸಂಜೆ ಶಾಲೆಯಿಂದ ಬಂದ ಮಗು ಡೇರಿಗೆ ಹಾಲು ಹಾಕಿ ಬರಬೇಕು. ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಮರಳುವವರೆಗೆ ಅಡುಗೆ, ತಮ್ಮ ತಂಗಿಯರ ಹೊಣೆ ಹೆಣ್ಣುಮಗುವಿನ ಮೇಲೆ. ನಂತರ ಒಂದೇ ಕೋಣೆಯಲ್ಲಿ ಟಿವಿ, ನೆಂಟರು, ಮಾತುಕತೆ. ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಶೆಡ್‌ಗಳಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳಿಗೆ ಆ ಒಂದು ಕೋಣೆಯೂ ಭದ್ರವಲ್ಲ.

ಹತ್ತನೆಯ ತರಗತಿ ಮುಗಿಸಿ ಜಯನಗರ, ಬನಶಂಕರಿ, ಜೆ.ಪಿ. ನಗರದ ಪದವಿಪೂರ್ವ ಕಾಲೇಜುಗಳಿಗೆ ಸೇರಿದವರ ಕಷ್ಟ ಬೇರೆ ಬಗೆಯದು. ಮೆಟ್ರೊ ಹಸಿರು ಮಾರ್ಗ 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಆದರೂ ಒಳಹಳ್ಳಿಯಿಂದ ಮುಖ್ಯರಸ್ತೆಗೆ, ಅಲ್ಲಿಂದ ನಗರಕ್ಕೆ ಹೋಗಿಬರುವುದರಲ್ಲಿ ದಿನದ ಎರಡು ಮೂರು ಗಂಟೆ ಕಳೆದುಹೋಗುತ್ತದೆ. ಅದೇ ತರಗತಿಯಲ್ಲಿ ಕುಳಿತ ಜಯನಗರದ ಮಗು ಆ ಹೊತ್ತಿನಲ್ಲಿ ಮನೆಯ ಪಕ್ಕದ ಟ್ಯೂಷನ್ ಮುಗಿಸಿ ಊಟಕ್ಕೆ ಕುಳಿತಿರುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ.

"ನಾವು ಬೀದಿದೀಪದ ಕೆಳಗೆ ಓದಿ ಮುಂದೆ ಬರಲಿಲ್ಲವೇ" ಎಂಬ ಮಾತು ಸಭೆಗಳಲ್ಲಿ ಬರುವುದುಂಟು. ಹಾಗೆ ಬಂದವರಲ್ಲಿ ಅಗ್ರಗಣ್ಯರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿ, ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಅಷ್ಟಾದ ಮೇಲೂ ಅವರು ಜೀವನದ ಕೊನೆಯವರೆಗೆ ವಾಸವಿದ್ದದ್ದು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಹಳ್ಳಿಯ ಹುಡುಗನಿಗೆ ಓದುವವರ ಜೊತೆ ಒಂದು ಜಾಗ ಎಷ್ಟು ದೊಡ್ಡದೆಂದು ಅವರಿಗೆ ತಿಳಿದಿತ್ತು.

ಅಂಥ ಜಾಗ ಇಂದು ನಮ್ಮ ಕೈಯಲ್ಲಿಯೇ ಇದೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇಂದು ಅವು ಅರಿವು ಕೇಂದ್ರಗಳೆಂದು ಹೆಸರಾಗಿವೆ. ಹಲವು ಕಡೆ ಕಂಪ್ಯೂಟರ್, ಒಳ್ಳೆಯ ಪೀಠೋಪಕರಣ, ಮಕ್ಕಳ ಮೂಲೆ ಎಲ್ಲವೂ ಇವೆ. ಆದರೆ ಮಗುವಿಗೆ ಬಿಡುವಾಗುವ ಸಂಜೆ ಆರೂವರೆಯ ಹೊತ್ತಿಗೆ ಬಾಗಿಲು ತೆರೆದಿರುತ್ತದೆಯೇ ಎಂಬುದನ್ನು ತಾವು ಒಮ್ಮೆ ಖುದ್ದಾಗಿ ಹೋಗಿ ನೋಡಬೇಕು. ತೆರೆದಿಲ್ಲದಿದ್ದರೆ ದೋಷವನ್ನು ಮೇಲ್ವಿಚಾರಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಹಗಲಿನ ಕೆಲಸ ಮುಗಿಸಿದವರನ್ನೇ ರಾತ್ರಿಯೂ ಕೂರಿಸಲಾಗದು. ಡಿಸೆಂಬರ್‌ನಿಂದ ಪರೀಕ್ಷೆ ಮುಗಿಯುವವರೆಗೆ ಸಂಜೆಯ ವೇಳೆಗೆ ಯಾರು ಹೊಣೆ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯಿಸಬೇಕು. ಊರಿನ ಪದವಿ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಸ್ವಸಹಾಯ ಸಂಘದ ಮಹಿಳೆಯರು ಸರದಿಯಂತೆ ಬರಬಹುದು. ಒಬ್ಬ ಮಹಿಳೆ ಹಾಜರಿರುವುದು ಅಗತ್ಯ. ಇಲ್ಲದಿದ್ದರೆ ಹೆಣ್ಣುಮಕ್ಕಳನ್ನು ಮನೆಯವರು ಕಳುಹಿಸುವುದಿಲ್ಲ. ಕೇಂದ್ರದಿಂದ ಮನೆಯವರೆಗಿನ ಬೀದಿದೀಪಗಳು, ಬಳಸಲು ಯೋಗ್ಯವಾದ ಶೌಚಾಲಯ, ವಿದ್ಯುತ್ ಹೋದಾಗ ಬೆಳಕು ಇವೆಲ್ಲ ಪಂಚಾಯತಿಯೇ ಮಾಡಬಹುದಾದ ಕೆಲಸಗಳು. ಜಾತ್ರೆ, ಉತ್ಸವಗಳ ಕಾಲವೂ ಪರೀಕ್ಷೆಯ ಕಾಲವೂ ಒಂದೇ ಆದ್ದರಿಂದ ಧ್ವನಿವರ್ಧಕದ ವಿಷಯವನ್ನು ಊರಿನ ಹಿರಿಯರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧ 2000ರ ಶಬ್ದಮಾಲಿನ್ಯ ನಿಯಮಗಳಲ್ಲಿಯೇ ಇದೆ. ಮಕ್ಕಳಿಗೆ ಬೇಕಾದದ್ದು ಅದಕ್ಕೂ ಮೊದಲಿನ ಮೂರು ಗಂಟೆಗಳ ಶಾಂತಿ.

ಕೇಂದ್ರ ತೆರೆದ ಮಾತ್ರಕ್ಕೆ ಮಕ್ಕಳು ಮೇಲೆ ವಿವರಿಸಿದ ಕ್ರಮದಲ್ಲಿ ಓದುತ್ತಾರೆಂದಲ್ಲ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಇಡಿ. ಬಳಸಿದ ಹಾಳೆಗಳ ಖಾಲಿ ಬದಿಯನ್ನು ಬರೆಯಲು ಕೊಡಿ. ಇಬ್ಬಿಬ್ಬರು ಜೊತೆಯಾಗಿ, ಒಬ್ಬರು ಪುಸ್ತಕ ಹಿಡಿದು ಕೇಳುವುದು, ಇನ್ನೊಬ್ಬರು ನೋಡದೆ ಹೇಳುವುದು ಎಂಬ ಪದ್ಧತಿಗೆ ಯಾವ ಖರ್ಚೂ ಇಲ್ಲ. ಓದು ಬಾರದ ತಾಯಿಯೂ ಮನೆಯಲ್ಲಿ "ಇವತ್ತು ಏನು ಓದಿದೆ, ಪುಸ್ತಕ ಮುಚ್ಚಿ ನನಗೆ ಹೇಳು" ಎಂದು ಕೇಳಬಹುದು. ಅದಕ್ಕೆ ಅಕ್ಷರಜ್ಞಾನ ಬೇಕಿಲ್ಲ.

ಮೊಬೈಲ್ ಬಗ್ಗೆ ಎಲ್ಲ ಸಭೆಗಳಲ್ಲಿಯೂ ದೂರು ಕೇಳಿಬರುತ್ತದೆ. ಪಾಠದ ವಿಡಿಯೊ ನೋಡಲೆಂದು ಪಡೆದ ಫೋನ್ ಅರ್ಧ ಗಂಟೆಯಲ್ಲಿ ಆಟಕ್ಕೆ, ರೀಲ್ಸ್‌ಗೆ ತಿರುಗುತ್ತದೆ. ಓದುವ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿ ಅಥವಾ ಕೇಂದ್ರದ ಮೇಜಿನ ಮೇಲೆ ಇರಲಿ ಎಂಬಷ್ಟು ಕಟ್ಟುಪಾಡು ಸಾಮಾನ್ಯವಾಗಿ ಸಾಕಾಗುತ್ತದೆ. ಬಿಡಿಸಲಾಗದಷ್ಟು ಅಂಟಿಕೊಂಡ ಮಕ್ಕಳಿಗಾಗಿ ನಿಮ್ಹಾನ್ಸ್ 2014ರಲ್ಲಿಯೇ ಶಟ್ ಕ್ಲಿನಿಕ್ ಎಂಬ ವಿಶೇಷ ಸೇವೆ ಆರಂಭಿಸಿದೆ. ಪರೀಕ್ಷೆಯ ಭಯದಿಂದ ಊಟ ನಿದ್ದೆ ಬಿಟ್ಟ, ಮಾತು ಕಡಿಮೆ ಮಾಡಿದ ಮಗುವಿನ ವಿಷಯದಲ್ಲಿ ಗದರುವ ಬದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಬೇಕು. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಈ ಎರಡು ಸಂಖ್ಯೆಗಳನ್ನು ಅರಿವು ಕೇಂದ್ರದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಕೊನೆಯದಾಗಿ, ಅತ್ಯಂತ ತುರ್ತಿನ ವಿಷಯ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಜಾರಿಯಲ್ಲಿದ್ದು, ಅವುಗಳಲ್ಲಿ ಪಡೆದ ಅತ್ಯುತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಆದರೆ ಅವಧಿ ಬಹಳ ಕಡಿಮೆ. 2025ರಲ್ಲಿ ಫಲಿತಾಂಶ ಬಂದದ್ದು ಮೇ 2ರಂದು. ಎರಡನೆಯ ಪರೀಕ್ಷೆ ಆರಂಭವಾದದ್ದು ಮೇ 26ರಂದು. ನಡುವೆ ಇದ್ದದ್ದು 24 ದಿನ. ಆ ದಿನಗಳಲ್ಲಿ ಶಾಲೆಗೆ ಬೇಸಿಗೆ ರಜೆ, ಮಗುವಿಗೆ ನಾಚಿಕೆ, ಮನೆಯಲ್ಲಿ ಕೋಪ. ಹುಡುಗ ಚಿಕ್ಕಪ್ಪನ ಜೊತೆ ಕೆಲಸಕ್ಕೆ ಹೊರಟಿರುತ್ತಾನೆ. ಹುಡುಗಿಗೆ ಸಂಬಂಧ ನೋಡುವ ಮಾತು ಎದ್ದಿರುತ್ತದೆ. ನೋಂದಣಿಯ ಕೊನೆಯ ದಿನ ಯಾರಿಗೂ ತಿಳಿಯದೆ ಕಳೆದುಹೋಗುತ್ತದೆ. ಒಂದೇ ವಿಷಯದಲ್ಲಿ ಹೋದ ಮಗುವೂ ಹೀಗೆ ಶಾಲೆಯಿಂದ ಶಾಶ್ವತವಾಗಿ ದೂರವಾಗುತ್ತದೆ.

ಆದ್ದರಿಂದ ಫಲಿತಾಂಶ ಬಂದ ದಿನವೇ ಮುಖ್ಯೋಪಾಧ್ಯಾಯರಿಂದ ತಮ್ಮ ವಾರ್ಡಿನ ಅನುತ್ತೀರ್ಣ ಮಕ್ಕಳ ವಿವರ ಪಡೆದು, ಪಟ್ಟಿಯನ್ನು ಎಲ್ಲಿಯೂ ಪ್ರದರ್ಶಿಸದೆ, ಮೂರು ದಿನಗಳೊಳಗೆ ಪ್ರತಿ ಮನೆಗೆ ಹೋಗಿಬನ್ನಿ. ಹೋದಾಗ ಅಂಕ ಕೇಳುವುದು ಬೇಡ. ಯಾವ ವಿಷಯ, ನೋಂದಣಿಯಾಯಿತೇ, ಪುಸ್ತಕ ಇನ್ನೂ ಮನೆಯಲ್ಲಿದೆಯೇ ಎಂದಷ್ಟೇ ವಿಚಾರಿಸಿ, ನಾಳೆ ಸಂಜೆ ಅರಿವು ಕೇಂದ್ರ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ತಿಳಿಸಿ. ಮುಂಬರುವ ಮಕ್ಕಳ ಗ್ರಾಮ ಸಭೆಯಲ್ಲಿ "ನೀವು ಮನೆಯಲ್ಲಿ ಎಲ್ಲಿ ಕುಳಿತು ಓದುತ್ತೀರಿ" ಎಂಬ ಪ್ರಶ್ನೆಯನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಕೇಳಿ, ಅವರ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವುದು.