ಕಿವಿಯಿಂದ ತಿದ್ದುವ ಬೆರಳಚ್ಚು

ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದರ ಮಹಡಿಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಬೆರಳಚ್ಚು ಶಾಲೆಯನ್ನು ಕಾಣಬೇಕೆಂಬ ಅಪೇಕ್ಷೆ ನನ್ನಲ್ಲಿ ಹುಟ್ಟಿದುದು, ಅಲ್ಲಿಯ ವೃದ್ಧ ಮೇಷ್ಟರ ಶ್ರವಣಸೂಕ್ಷ್ಮತೆಯ ವಿಚಾರವನ್ನು ಅವರ ಶಿಷ್ಯರ ಬಾಯಿಂದ ಕೇಳಿದ ಮೇಲೆ. ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ, ಹಾಜರಿ ಪುಸ್ತಕದಲ್ಲಿ ಕಣ್ಣಿಟ್ಟು ಕುಳಿತಿರುವ ಅವರು, ಎಲ್ಲ ಯಂತ್ರಗಳೂ ಏಕಕಾಲಕ್ಕೆ ಸದ್ದು ಮಾಡುತ್ತಿರುವಾಗಲೇ, “ಮೂರನೇ ಮಿಷನ್ನು, ಎಡಗೈ ಕಿರುಬೆರಳು ಸೋಲ್ತಾ ಇದೆ, ನಿಧಾನಿಸಮ್ಮ” ಎನ್ನುವರು. ಆ ಹುಡುಗಿಯ ಹಾಳೆಯನ್ನು ನೋಡಿದರೆ ‘ಎ’ ಅಕ್ಷರವು ಸಾಲುಸಾಲಿನಲ್ಲೂ ಮಸುಕಾಗಿ ಮೂಡಿರುತ್ತದೆ. ಸಬಲವಾದ ಬೆರಳಿನ ಪೆಟ್ಟಿಗೂ ದುರ್ಬಲವಾದುದರ ಪೆಟ್ಟಿಗೂ ಇರುವ ಧ್ವನಿಭೇದ, ತಪ್ಪುವ ಮುನ್ನ ಕೈ ಅನುಮಾನಿಸುವ ಅರೆಕ್ಷಣ, ಆತುರದಿಂದ ಎರಡು ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಸದ್ದು, ಇವೆಲ್ಲವೂ ಮೃದಂಗದ ವಿದ್ವಾಂಸನಿಗೆ ಲಯಭಂಗವು ತಿಳಿಯುವಂತೆ ಅವರಿಗೆ ತಿಳಿಯುತ್ತವೆ. ವೇಗವನ್ನು ಅವರು ಯಾರಿಂದಲೂ ಕೇಳುವುದಿಲ್ಲ. ಸಮಗತಿಯನ್ನು ಮಾತ್ರ ಕೇಳುತ್ತಾರೆ. ಸುಲಭವಾದ ಪದವನ್ನು ಓಡಿಸಿ ಕಠಿಣವಾದುದರಲ್ಲಿ ಮುಗ್ಗರಿಸುವ ಕೈಗಿಂತ, ಎರಡನ್ನೂ ಒಂದೇ ನಡೆಯಲ್ಲಿ ಹೊಡೆಯುವ ಕೈಯೇ ತಿಂಗಳು ಕಳೆಯುವಷ್ಟರಲ್ಲಿ ಮುಂದಾಗಿರುತ್ತದೆಂಬುದು ಅವರ ಅನುಭವಸಿದ್ಧ ನಂಬಿಕೆ.

ಈ ವಿದ್ಯೆಯ ಇತಿಹಾಸವನ್ನು ಮೇಷ್ಟರು ಒಂದೇ ಕಥೆಯಲ್ಲಿ ಹೇಳಿ ಮುಗಿಸುತ್ತಾರೆ. 1874ರಲ್ಲಿ ರೆಮಿಂಗ್ಟನ್ ಯಂತ್ರವು ಅಮೆರಿಕದ ಮಾರುಕಟ್ಟೆಗೆ ಬಂದಮೇಲೂ ಬಹುಮಂದಿ ಕೀಲಿಗಳನ್ನು ನೋಡಿಯೇ ಒತ್ತುತ್ತಿದ್ದರು. 1888ರ ಜುಲೈ 25ರಂದು ಸಿನ್ಸಿನಾಟಿ ನಗರದಲ್ಲಿ ನಡೆದ ಪಂದ್ಯದಲ್ಲಿ, ನ್ಯಾಯಾಲಯದ ಶೀಘ್ರಲಿಪಿಕಾರನಾಗಿದ್ದ ಫ್ರಾಂಕ್ ಮೆಕ್‌ಗರಿನ್ ಕೀಲಿಗಳತ್ತ ಕಣ್ಣು ಹಾಯಿಸದೆ ಲೂಯಿ ಟ್ರಾಬ್ ಎಂಬಾತನನ್ನು ಸೋಲಿಸಿದನು. ಹೇಳಿದುದನ್ನು ಬರೆಯುವುದರಲ್ಲಿಯೂ, ನೋಡಿ ನಕಲು ಮಾಡುವುದರಲ್ಲಿಯೂ ಗೆಲುವು ಅವನದೇ. ನಮ್ಮ ದೇಶದಲ್ಲಿ ಗೋದ್ರೆಜ್ ಯಂತ್ರಗಳು 1955ರಲ್ಲಿ ಬಂದವು. ಈ ಶಾಲೆಯಲ್ಲಿ ಉಳಿದಿರುವವು ಬಹುಪಾಲು ಅವೇ.

ಮೊದಲ ಪಾಠವು ಎಲ್ಲರಿಗೂ ಒಂದೇ: ಎಡಗೈಗೆ ಎ, ಎಸ್, ಡಿ, ಎಫ್, ಜಿ, ಎಫ್; ಬಲಗೈಗೆ ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ. ಹಾಳೆಗಟ್ಟಲೆ ಇದನ್ನೇ ಹೊಡೆಯಬೇಕು. ಅನಂತರದ ಪಾಠಗಳನ್ನು ವಿವರಿಸುವ ಅಗತ್ಯವಿಲ್ಲ. ಬೆರಳುಗಳು ಈ ಕೀಲಿಗಳಿರುವ ಮನೆಸಾಲಿಗೆ ಮರಳಿಬರುವುದನ್ನು ಕಲಿತಲ್ಲದೆ ಯಾವುದೂ ಸಾಗದು.

ವೇಗವನ್ನು ಅಳೆಯುವ ಕ್ರಮ ಮಾತ್ರ ತಿಳಿದಿರತಕ್ಕದ್ದು. ಪದಗಳಲ್ಲಿ ಚಿಕ್ಕದು ದೊಡ್ಡದು ಇರುವುದರಿಂದ, ಐದು ಒತ್ತುಗಳನ್ನು ಒಂದು ಪದವೆಂದು ಎಣಿಸುವುದು ವಾಡಿಕೆ. ಕೇಂದ್ರ ಸರ್ಕಾರದ ನೇಮಕಾತಿಯ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ನಿಮಿಷಕ್ಕೆ 35 ಪದಗಳೆಂದರೆ ಗಂಟೆಗೆ 10,500 ಒತ್ತುಗಳೆಂದು ಲೆಕ್ಕ ಹಾಕುವುದೂ ಇದರಿಂದಲೇ. ಹಿಂದಿನ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ತಪ್ಪಿಗೆ ಹತ್ತು ಪದಗಳನ್ನು ಕಳೆಯುತ್ತಿದ್ದರು. ಆ ನಿಯಮವನ್ನೇ ಮೇಷ್ಟರು ಇಂದಿಗೂ ಅನುಸರಿಸುತ್ತಾರೆ: ಹತ್ತು ನಿಮಿಷದಲ್ಲಿ 2,000 ಒತ್ತುಗಳನ್ನೊತ್ತಿ ನಿಮಿಷಕ್ಕೆ 40 ಪದವೆಂದು ಹಿಗ್ಗಿದ ಹುಡುಗನು ಆರು ತಪ್ಪು ಮಾಡಿದ್ದರೆ, ಅವನಿಗೆ ದಕ್ಕುವುದು 34 ಮಾತ್ರ.

ಕನ್ನಡಕ್ಕೆ ಬಂದರೆ ಒತ್ತುಗಳನ್ನು ಎಣಿಸುವ ಈ ಲೆಕ್ಕ ಇನ್ನಷ್ಟು ಮುಖ್ಯವಾಗುತ್ತದೆ. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದರು, ಗಣಕಯಂತ್ರಕ್ಕೆ ಕೆ. ಪಿ. ರಾಯರ ವಿನ್ಯಾಸವೇ ಆಧಾರವಾಯಿತು. ಈ ವಿನ್ಯಾಸದಲ್ಲಿ ‘ಮರ’ ಎಂಬುದಕ್ಕೆ ಎರಡೇ ಒತ್ತು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು, ಅದರಲ್ಲಿಯೂ ಕೊನೆಯದಕ್ಕೆ ಶಿಫ್ಟ್ ಕೀಲಿಯ ನೆರವು ಬೇಕು. ಪದಗಳನ್ನಷ್ಟೇ ಎಣಿಸಿದರೆ ಒತ್ತಕ್ಷರಗಳಿಂದ ತುಂಬಿದ ಗದ್ಯವನ್ನು ಹೊಡೆದವನಿಗೆ ಅನ್ಯಾಯವಾಗುವುದು ನಿಶ್ಚಯ.

ಈಗ ಈ ಶಾಲೆಗೆ ಬರುವವರು ಉದ್ಯೋಗದ ಪರೀಕ್ಷೆಗೆ ತಿಂಗಳಷ್ಟೇ ಉಳಿದಿರುವಾಗ ಬರುತ್ತಾರೆ. ಎರಡೇ ಬೆರಳುಗಳಿಂದ ಶೀಘ್ರವಾಗಿ ಒತ್ತುವ ಅಭ್ಯಾಸವನ್ನು ಮರೆಸಿ ಹತ್ತು ಬೆರಳುಗಳಿಗೂ ಕೆಲಸ ಹಂಚುವಾಗ, ಇದ್ದ ವೇಗವೂ ಮೊದಲಿಗೆ ಕುಗ್ಗುವುದರಿಂದ, ಅನೇಕರು ನಡುವೆಯೇ ಬಿಟ್ಟುಹೋಗುತ್ತಾರೆ. ಬೆಳಗಿನ ಬ್ಯಾಚು ನಿಂತುಹೋಗಿದೆ. ರಬ್ಬರಿನ ಉರುಳೆ ಸವೆದರೆ ಬದಲಿಸಿಕೊಡುವವರು ದುರ್ಲಭ. ನಮ್ಮ ಪ್ರೌಢಶಾಲೆಗಳ ಗಣಕ ತರಗತಿಯಲ್ಲಿ ವಾರಕ್ಕೊಮ್ಮೆಯಾದರೂ ಅರ್ಧಗಂಟೆ ಬೆರಳಿನ ಪಾಠ ನಡೆದೀತಾದರೆ, ಮಕ್ಕಳ ಮುಂದಿನ ಎಷ್ಟೋ ಗಂಟೆಗಳ ಶ್ರಮ ಉಳಿದೀತೆಂದು ನನಗೆ ತೋರುತ್ತದೆ. ವೇತನದ ಅಪೇಕ್ಷೆಯಿಲ್ಲದೆ ತಾನೇ ಬಂದು ಕಲಿಸುವೆನೆಂದು ಮೇಷ್ಟರು ಸಮೀಪದ ಶಾಲೆಯೊಂದಕ್ಕೆ ಪತ್ರ ಬರೆದಿದ್ದಾರೆ, ತಮ್ಮ ಗೋದ್ರೆಜ್ ಯಂತ್ರದಲ್ಲಿಯೇ, ಒಂದು ತಪ್ಪೂ ಇಲ್ಲದಂತೆ. ಉತ್ತರವಿನ್ನೂ ಬಂದಿಲ್ಲ.