ಜ್ವಾಲಾಮುಖಿಯ ಬಾಯೊಳಗೊಂದು ಬಂದರು

ಹಡಗು ನೇರವಾಗಿ ಜ್ವಾಲಾಮುಖಿಯ ಬಾಯೊಳಕ್ಕೇ ಹೋಗಿ ಲಂಗರು ಹಾಕಬಹುದಾದ ಜಾಗಗಳು ಭೂಮಿಯ ಮೇಲೆ ತೀರಾ ವಿರಳ. ಅಂಟಾರ್ಕ್ಟಿಕಾದ ದಕ್ಷಿಣ ಶೆಟ್ಲೆಂಡ್ ದ್ವೀಪಸಮೂಹದಲ್ಲಿರುವ ಡಿಸೆಪ್ಷನ್ ದ್ವೀಪ ಅಂಥದ್ದೊಂದು. ಮೇಲಿನಿಂದ ನೋಡಿದರೆ ಒಂದು ಚೂರು ಮುರಿದ ಕೋಡುಬಳೆ: ಸುತ್ತ ಬೆಟ್ಟ, ನಡುವೆ ಕಡಲು. ಒಳಹೋಗಲು ಇರುವುದು ಒಂದೇ ಇಕ್ಕಟ್ಟಾದ ದಾರಿ, ಅದರ ನಡುವೆಯೂ ನೀರಿನಡಿ ಬಂಡೆ.

ಸುಮಾರು 4,000 ವರ್ಷಗಳ ಹಿಂದೆ ಇಲ್ಲೊಂದು ಮಹಾಸ್ಫೋಟವಾಯಿತು. ಒಡಲಿನ ಶಿಲಾಪಾಕ ಖಾಲಿಯಾಗುತ್ತಲೇ ಆಸರೆ ತಪ್ಪಿದ ಪರ್ವತ ತನ್ನೊಳಗೇ ಕುಸಿಯಿತು. ಆ ಕುಳಿಗೆ, ಅಂದರೆ ಕ್ಯಾಲ್ಡೆರಾಕ್ಕೆ, ಸಮುದ್ರ ನುಗ್ಗಿತು. ಹೊರಗಿನ ಬಿರುಗಾಳಿ ತಾಗದ ಈ ಕೊಲ್ಲಿಯನ್ನು ನಾರ್ವೆಯ ತಿಮಿಂಗಿಲ ಬೇಟೆಗಾರರು ಮೆಚ್ಚಿದ್ದು ಸಹಜ. ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುವ ಅವರ ಕಾರ್ಖಾನೆ 1912ರಿಂದ 1931ರವರೆಗೆ ನಡೆಯಿತು. ಆಮೇಲೆ ಬ್ರಿಟನ್, ಚಿಲಿ, ಅರ್ಜೆಂಟೀನಾಗಳ ನೆಲೆಗಳು ಬಂದವು.

1967ರ ಡಿಸೆಂಬರಿನಲ್ಲಿ ಜ್ವಾಲಾಮುಖಿ ಎದ್ದಿತು. ಚಿಲಿಯ ನೆಲೆ ನಾಶವಾಯಿತು. ಬ್ರಿಟಿಷರು ಜಾಗ ಖಾಲಿ ಮಾಡಿದವರು ಮುಂದಿನ ವರ್ಷ ಮರಳಿ ಬಂದರು. 1969ರ ಫೆಬ್ರವರಿಯಲ್ಲಿ ಮತ್ತೆ ಸ್ಫೋಟ. ಈ ಬಾರಿ ಬಿರುಕುಗಳು ಬಾಯಿಬಿಟ್ಟದ್ದು ಹಿಮನದಿಯ ಅಡಿಯಲ್ಲಿ, ಅನಾಹುತದ ಮೂಲವೂ ಅದೇ. ಕೆಳಗಿನ ಕಾವಿಗೆ ಹಿಮ ಏಕಾಏಕಿ ಕರಗಿ, ಬೂದಿ, ಕೆಸರು, ಹಿಮಗಡ್ಡೆಗಳನ್ನು ಹೊತ್ತ ಪ್ರವಾಹವಾಗಿ ದಡಕ್ಕೆ ಅಪ್ಪಳಿಸಿತು. ಬ್ರಿಟಿಷರ ನೆಲೆ ಕುಸಿಯಿತು, ಬೇಟೆಗಾರರ ಸ್ಮಶಾನ ಹೂತುಹೋಯಿತು. ಹಿಮ ಹೊದ್ದ ಜ್ವಾಲಾಮುಖಿಯಲ್ಲಿ ಲಾವಾರಸಕ್ಕಿಂತ ನೀರಿಗೇ ಹೆಚ್ಚು ಹೆದರಬೇಕು ಎಂದು ನನಗನ್ನಿಸುವುದು ಇದಕ್ಕಾಗಿಯೇ. 1970ರ ಆಗಸ್ಟಿನಲ್ಲಿ ಅದು ಇನ್ನೊಮ್ಮೆ ಸಿಡಿದಾಗ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ.

ಇಲ್ಲಿನ ಹಿಮನದಿಗಳು ಹಲವೆಡೆ ಕಪ್ಪಗಿವೆ. ತೆಳುವಾಗಿ ಬಿದ್ದ ಬೂದಿ ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ದಪ್ಪಗೆ ಕೂತ ಬೂದಿ ಶಾಖವನ್ನು ತಡೆದು ಅದೇ ಹಿಮವನ್ನು ಕಾಪಾಡುತ್ತದೆ. ಕೆಲವು ಕಡೆ ದಡದ ಮರಳು ಬಿಸಿಯಾಗಿದ್ದು, ನೀರಂಚಿನಲ್ಲಿ ಹಬೆ ಏಳುತ್ತಿರುತ್ತದೆ. ನೆಲದ ಆ ಕಾವನ್ನೇ ನಂಬಿಕೊಂಡು ಅಂಟಾರ್ಕ್ಟಿಕಾದ ಬೇರೆಲ್ಲೂ ಕಾಣಸಿಗದ ಹಾವಸೆ ಜಾತಿಗಳು ಇಲ್ಲಿ ಬೆಳೆದಿವೆ.

ಸ್ಪೇನ್ ಮತ್ತು ಅರ್ಜೆಂಟೀನಾದ ವಿಜ್ಞಾನಿಗಳು ಪ್ರತಿ ಬೇಸಿಗೆಯಲ್ಲಿ ಬಂದು ನೆಲದ ಕಂಪನಗಳನ್ನು ಅಳೆಯುತ್ತಾರೆ. ಪ್ರವಾಸಿ ಹಡಗುಗಳೂ ಅದೇ ಕಿರುದಾರಿಯಲ್ಲಿ ಒಳಬರುತ್ತವೆ. ಆದರೆ ಹಾವಸೆ ಬೆಳೆದ ಆ ಬೆಚ್ಚನೆಯ ತಾಣಗಳು ಅಂಟಾರ್ಕ್ಟಿಕ್ ಒಪ್ಪಂದದ ರಕ್ಷಣೆಯಲ್ಲಿವೆ. ಪರವಾನಗಿ ಇಲ್ಲದೆ ಅಲ್ಲಿ ಯಾರೂ ಕಾಲಿಡುವಂತಿಲ್ಲ.